ಬಣ್ಣಕ್ಕೆ ಬುದ್ಧಿ ಕೊಡದ ಗೋಡೆಯಕ್ಕ

ಗೋಡೆಯಕ್ಕನ ಕಂದು ಕೋಟಿನ ಎರಡು ಜೇಬುಗಳಿಗೆ ಪರಸ್ಪರ ಪರಿಚಯವೇ ಇರಲಿಲ್ಲ. ಎಡಜೇಬಿನಲ್ಲಿ ಬೀಗದ ಕೈ, ಗುರುತಿನ ಚೀಟಿ, ಮಾತ್ರೆ. ಬಲಜೇಬಿನಲ್ಲಿ ಬಾಚಣಿಗೆ, ಪುಟ್ಟ ಕನ್ನಡಿ. ಅವಸರದಲ್ಲಿ ಬಾಚಣಿಗೆ ಎಡಕ್ಕೆ ಬಿದ್ದರೆ ಮೆಟ್ಟಿಲ ನಡುವೆಯೇ ನಿಂತು, ಅದನ್ನು ಸ್ವಸ್ಥಾನಕ್ಕೆ ಸೇರಿಸಿ, ಮತ್ತೆ ಎಂದಿನಂತೆ ಬಲಭುಜ ಮುಂದೆ ಮಾಡಿ ಹೊರಡುತ್ತಿದ್ದರು. ಆಸ್ಪತ್ರೆಯೊಂದರ ವೆಬ್‌ಸೈಟ್ ಕಟ್ಟುವ ನಮ್ಮ ಕೋಣೆಯಲ್ಲಿ ಅವರು ಪ್ರೋಗ್ರಾಮರ್. ನಾನು ಪುಟಗಳಿಗೆ ಬರಹ ಒದಗಿಸುವವನು. ತೀರ್ಮಾನಿಸುವ ಕೋಡ್ ಬೇರೆ, ತೋರಿಸುವ ಕೋಡ್ ಬೇರೆ, ನಡುವೆ ಗೋಡೆ ಇರಲೇಬೇಕೆಂಬ ಹಟದಿಂದಲೇ ಅವರಿಗೆ ಆ ಅಡ್ಡಹೆಸರು.

ಅವರು ಬರುವ ಮುಂಚೆ ನಮ್ಮಲ್ಲಿ ಗೋಡೆ ಇರಲಿಲ್ಲ. ರೋಗಿಗಳು ಪುಟದಲ್ಲೇ ಕಾಯ್ದಿರಿಸುವ ಡಯಾಲಿಸಿಸ್ ಕುರ್ಚಿ ಖಾಲಿಯೋ ಭರ್ತಿಯೋ ಎಂಬುದನ್ನು ಪ್ರೋಗ್ರಾಂ ತೀರ್ಮಾನಿಸುತ್ತಿದ್ದುದು ತೆರೆಯ ಮೇಲಿನ ಚೌಕದ ಬಣ್ಣ ನೋಡಿ: ಬೂದು ಎಂದರೆ ಭರ್ತಿ. ಬೂದು ಮಂಕಾಗಿ ಕಾಣುತ್ತದೆಂದು ವಿನ್ಯಾಸಕಾರ ಅದನ್ನು ತಿಳಿನೀಲಿ ಮಾಡಿದ. ಪ್ರೋಗ್ರಾಂ ಎಲ್ಲ ಕುರ್ಚಿಗಳೂ ಖಾಲಿ ಎಂದುಕೊಂಡಿತು. ಮರುದಿನ ಒಂದೇ ಕುರ್ಚಿಯ ಮುಂದೆ ಇಬ್ಬರು ರೋಗಿಗಳು ನಿಂತಿದ್ದರು. ಒಬ್ಬರ ಕಾಲು ಬಾತಿತ್ತು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಗೊಂದಲ ಬಿಡಿಸಲೆಂದೇ ಬಂದ ಅಕ್ಕ, "ಬಣ್ಣಕ್ಕೆ ಬುದ್ಧಿ ಕೊಟ್ಟೋರು ಯಾರ್ರೀ?" ಎಂದು ನಕ್ಕು, ಪುಟಗಳೊಳಗೆ ಹೆಣೆದುಕೊಂಡಿದ್ದ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ಬೇರೆಡೆ ಕೂಡಿಸತೊಡಗಿದರು. ವಾರಗಳು ಕಳೆದರೂ ತೆರೆ ಇದ್ದ ಹಾಗೇ ಇತ್ತು. ಹೊಟ್ಟೆಯ ಹಿಟ್ಟು ಬಿಟ್ಟು ಸದಾ ಜುಟ್ಟಿನ ಮಲ್ಲಿಗೆಯನ್ನೇ ನೋಡುವ ನಮ್ಮ ಮ್ಯಾನೇಜರ್‌ಗೆ ತಾಳ್ಮೆ ತಪ್ಪಿತು.

"ಕಣ್ಣಿಗೆ ಏನೂ ಕಾಣ್ತಾನೇ ಇಲ್ವಲ್ಲ! ಹೊಸ ಪುಟ ತೋರಿಸೋ ದಿನ ಒಂದು ತಪ್ಪಾದ್ರೂ ನೀವು ಬೇರೆ ಕೆಲಸ ನೋಡ್ಕೋಬೇಕಾಗುತ್ತೆ."

"ಆಗ್ಲಿ, ನೋಡ್ಕೋತೀನಿ" ಎಂದು ಅಕ್ಕ ಕೀಲಿಮಣೆಯ ಕಡೆ ತಿರುಗಿದರು.

ಹೊಸ ಪುಟ ತೋರಿಸುವ ದಿನ ಆಸ್ಪತ್ರೆಯ ಹಿರಿಯ ವೈದ್ಯೆ ತೆರೆಯ ಹತ್ತಿರ ಮುಖ ತಂದು ನೋಡಿ, "ನಮ್ಮ ರೋಗಿಗಳಲ್ಲಿ ಎಷ್ಟೋ ಜನಕ್ಕೆ ಕಣ್ಣು ಮಂಜು. ಬಣ್ಣ ಎಲ್ಲ ತೆಗೆದು ದೊಡ್ಡ ಅಕ್ಷರದಲ್ಲಿ ಬರೆಯೋಕಾಗುತ್ತಾ? ಇವತ್ತೇ?" ಎಂದರು. ಮ್ಯಾನೇಜರ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಗೊಣಗಿದರು. ಅಕ್ಕ ವಿನ್ಯಾಸಕಾರನ ಬೆನ್ನು ತಟ್ಟಿ, "ನಿನ್ನ ಕಡೇದನ್ನ ಧೈರ್ಯವಾಗಿ ಕೆಡವಪ್ಪ. ನನ್ನ ಕಡೆ ಒಂದಕ್ಷರ ಅಲ್ಲಾಡಲ್ಲ" ಎಂದರು.

ಮಧ್ಯಾಹ್ನದ ಹೊತ್ತಿಗೆ ಬಣ್ಣಗಳೆಲ್ಲ ಅಳಿದು, 'ಖಾಲಿ', 'ಭರ್ತಿ' ಎಂಬ ನನ್ನ ಎರಡು ಪದಗಳು ದಪ್ಪಗೆ ನಿಂತವು. ವೈದ್ಯೆ ಭರ್ತಿಯಾದ ಕುರ್ಚಿಯನ್ನೇ ಬೇಕೆಂದು ಒತ್ತಿ ಒತ್ತಿ ಕೇಳಿದರು. ಪುಟ ಪ್ರತಿ ಸಲವೂ ಇಲ್ಲವೆಂದಿತು. ಕೋಣೆಯೆಲ್ಲ ಚಪ್ಪಾಳೆ! ನನಗಂತೂ ಕುಣಿದುಬಿಡುವಷ್ಟು ಸಂತೋಷವಾಯಿತು. "ಈಗ ಕಾಣ್ತು ಬಿಡಿ" ಎಂದರು ಮ್ಯಾನೇಜರ್. ಅಕ್ಕ ಬಲಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.

ಗೋಡೆ ಕಟ್ಟುವ ಈ ಬಗೆಯ ಜನ ಚೆಲುವಿನ ಹೆಗಲಿನಿಂದ ತೀರ್ಮಾನದ ಸಲ್ಲದ ಭಾರವನ್ನು ಇಳಿಸುತ್ತಾರೆ. ಅವರಿರುವಲ್ಲಿ ಮುಖ ಎಷ್ಟು ಬಾರಿ ಬದಲಾದರೂ ಕೊಟ್ಟ ಮಾತು ಬದಲಾಗುವುದಿಲ್ಲ. ಕುರ್ಚಿಯನ್ನು ನಂಬಿ ಬಂದವರಿಗೆ ಕುರ್ಚಿ ಇರುತ್ತದೆ.