ಪೀಪಿ ನಿಂತ ಮಧ್ಯಾಹ್ನ

ಅಧ್ಯಕ್ಷರು ನೀರು ಕುಡಿದಾಗಲೆಲ್ಲ ಟೈ ಗಂಟು ಮೇಲೆ ಹೋಗಿ ಕೆಳಗೆ ಬರುತ್ತದೆ, ಸರಿಯಾಗಿ ಆ ಗುಳಿಯ ಮೇಲೇ ಕೂತಿದೆ, ಕತ್ತಿನ ಬುಡದಲ್ಲಿ ಎರಡು ಮೂಳೆ ಸೇರುವ ಕಡೆ ಹೆಬ್ಬೆಟ್ಟು ಹಿಡಿಸುವಷ್ಟು ಗುಳಿ ಇರುತ್ತಲ್ಲ, ಅದನ್ನು ಮುಚ್ಚಿಬಿಟ್ಟಿದ್ದಾರೆ ಪುಣ್ಯಾತ್ಮ, ಒಳಗೆ ಎಳೆಯುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತಾಗಬೇಕು — ನನಗೆ ಇದೊಂದು ಚಟ ಹತ್ತಿಬಿಟ್ಟಿದೆ, ಯಾರನ್ನು ಕಂಡರೂ ಮೊದಲು ಕತ್ತು, ಮುಖ ಆಮೇಲೆ, ಬಸ್ಸಿನಲ್ಲಿ ಎದುರು ಕೂತ ಹೆಂಗಸರು ಸರ ಮುಟ್ಟಿ ನೋಡಿಕೊಂಡು ಸೆರಗೋ ಶಾಲೋ ಎಳೆದುಕೊಳ್ಳುತ್ತಾರೆ, ಕಳ್ಳಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಈ ನಗರಸಭೆ ಸಭಾಂಗಣದ ಪರದೆಗಳು ನಮ್ಮ ಅಂಗಡಿಯವೇ, ಆ ಮೂಲೆ ಕಿಟಕಿಯದ್ದು ನನ್ನ ಕೈಯದ್ದು, ಅಂಚಿನ ಹೊಲಿಗೆ ನೋಡಿದರೆ ಸಾಕು, ಮಖಮಲ್ಲು ಬೇಡ ಸಾರ್ ಧೂಳು ಕುಡಿಯುತ್ತೆ ಅಂತ ನಮ್ಮ ಅಂಗಡಿಯವರು ಹೇಳಿದ್ದಕ್ಕೆ ಸಭೆ ಅಂದ್ಮೇಲೆ ಒಂದು ಗತ್ತು ಬೇಕಲ್ರೀ ಅಂದಿದ್ದರಂತೆ, ಈಗ ಗತ್ತಿನ ತುಂಬ ಧೂಳು. ಮಗಳು ಪೀಪಿ ಪಕ್ಕದ ಕುರ್ಚಿಯಲ್ಲಿ ಕಾಲು ಆಡಿಸುತ್ತ ಕೂತಿದ್ದಾಳೆ, ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ ನಾಲಿಗೆ ತೂರಿಸುತ್ತ, ಆಕಡೆ ಅತ್ತೆ, ಎದೆಗವಚಿಕೊಂಡ ಚೀಲದಲ್ಲಿ ಉಬ್ಬಸದ ನೀಲಿ ಪಂಪು, ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಮಗು ಕೆಮ್ಮಿದರೆ ಆ ಚೀಲದ ಜಿಪ್ಪು ಎಳೆಯೋದರಲ್ಲಿ ನಮ್ಮತ್ತೆಯನ್ನು ಮೀರಿಸೋರಿಲ್ಲ ಈಗ. ಕನ್ನಡಕದ ಕಾರ್ಯದರ್ಶಿ ಎದ್ದು ಓದುತ್ತಿದ್ದಾನೆ, ಮಕ್ಕಳ ಅಸ್ತಮಾ ತಿಳಿವಳಿಕೆ ಮತ್ತು ಮನೆ ತಪಾಸಣೆ ಯೋಜನೆಯನ್ನು ಮುಂದುವರಿಸುವ ಅಗತ್ಯ ಕಂಡುಬರುತ್ತಿಲ್ಲ, ಬಹಳಷ್ಟು ಬಡಾವಣೆಗಳಿಂದ ಒಂದೂ ದೂರು ಬಂದಿಲ್ಲ, ಎಲ್ಲಿಯೂ ಸದ್ದಿಲ್ಲ — ಸದ್ದಿಲ್ಲ ಅಂದನಾ, ಹೌದು, ಅದೇ ಮಾತು, ನನ್ನ ಕಿವಿಯಾರೆ ಕೇಳಿದೆ — ಸದ್ದಿಲ್ಲ ಅಂದರೆ ಸಮಸ್ಯೆಯಿಲ್ಲ ಅಂತ ತಾನೇ ಸಾರ್. ಅತ್ತೆಯ ಕೈ ಬಂದು ನನ್ನ ಮೊಣಕೈ ಹಿಡಿಯಿತು. ಅವರೂ ಕೇಳಿಸಿಕೊಂಡರು.

ಪೀಪಿ ಅಂತ ಹೆಸರಿಟ್ಟದ್ದು ಅವಳಪ್ಪ, ಇನ್ನೂ ವರ್ಷ ತುಂಬಿರಲಿಲ್ಲ, ನಿದ್ದೆಯಲ್ಲಿ ಎದೆಯೊಳಗಿಂದ ಸುಯ್ ಅಂತ ಸಣ್ಣ ಎಳೆಯೊಂದು ಬರುತ್ತಿತ್ತು, ಇವರು ಬಗ್ಗಿ ಕಿವಿಯಿಟ್ಟು, ಲೇ ಇವಳು ಪೀಪಿ ನುಂಗಿದ್ದಾಳೆ ಕಣೇ, ಅಂತ ನಕ್ಕರು, ಎಲ್ಲರೂ ನಕ್ಕೆವು, ಫೋನಿನಲ್ಲಿ ಹಿಡಿದು ನೆಂಟರಿಗೆಲ್ಲ ಕಳಿಸಿದೆವು, ಅವರೂ ನಗುವ ಮುಖಗಳನ್ನು ಕಳಿಸಿದರು, ಒಬ್ಬರಾದರೂ ಇದು ರೋಗ ಅನ್ನಲಿಲ್ಲ, ಅವರಿಗಾದರೂ ಯಾರು ಹೇಳಿದ್ದರು. ಆಮೇಲೆ ಆಸ್ಪತ್ರೆ, ಪಂಪು, ಔಷಧಿ ಅಂಗಡಿಯವನು ಜಾಸ್ತಿಯಾದಾಗ ಕೊಡಿ ಅಂದ, ಜಾಸ್ತಿ ಅಂದರೆ ಏನು, ಎಷ್ಟು ಸದ್ದಾದರೆ ಜಾಸ್ತಿ, ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು ಕೇಳೋಕಾಗಲಿಲ್ಲ. ಹಾಗಾಗಿ ನಾವು ಕಿವಿಯಿಂದಲೇ ಲೆಕ್ಕ ಹಾಕಿದೆವು, ಪೀಪಿ ಜೋರಾದರೆ ಹೆದರುವುದು, ಸಣ್ಣಗಾದರೆ ಉಸಿರು ಬಿಡುವುದು, ಇದರಲ್ಲಿ ತಪ್ಪೇನಿದೆ, ಮಿಕ್ಸಿ ನಿಂತರೆ ರುಬ್ಬಿ ಆಯಿತು ಅಂತ, ಅಳು ನಿಂತರೆ ಹೊಟ್ಟೆ ತುಂಬಿತು ಅಂತ, ಹಾಗೇ. ಆ ಮಧ್ಯಾಹ್ನ ಕಿಟಕಿ ಪಕ್ಕ ಮೆಷಿನ್ ಹಾಕಿಕೊಂಡು ಕೂತಿದ್ದೇನೆ, ಅಂಗಡಿಯಿಂದ ತಂದ ಉದ್ದನೆಯ ಬಟ್ಟೆ ನೆಲದ ಮೇಲೆಲ್ಲ, ಒಳಕೋಣೆಯಲ್ಲಿ ಅತ್ತೆ ಮಗುವಿನ ಬೆನ್ನು ನೀವುತ್ತಿದ್ದಾರೆ, ಪೀಪಿ ಮೆಷಿನ್ನಿನ ಸದ್ದಿನ ಮೇಲೂ ಕೇಳುತ್ತಿದೆ, ಉದ್ದಕ್ಕೆ ಒಂದು, ಗಿಡ್ಡಕ್ಕೆ ಎರಡು, ನಾನು ಕಾಲು ತುಳಿಯುವುದೂ ಅದೇ ತಾಳಕ್ಕೆ ಬಿದ್ದುಬಿಟ್ಟಿತ್ತು, ಆಮೇಲೆ ನಿಂತಿತು. ನಿಂತಿತು ಕಣಮ್ಮ, ಅಂತ ಅತ್ತೆ ಪಿಸುಗುಟ್ಟಿದರು ಬಾಗಿಲಿಗೆ ಬಂದು, ನಿದ್ದೆ ಹತ್ತಿದೆ ಮಗೂಗೆ, ನೀನು ಆ ಮೆಷಿನ್ ಒಂಚೂರು ನಿಲ್ಸು, ಎದ್ದುಬಿಟ್ಟೀತು. ನಿಲ್ಲಿಸಿದೆ. ಮನೆಯೆಲ್ಲ ನಿಶ್ಶಬ್ದ, ಅಬ್ಬ ಎಂಥ ನೆಮ್ಮದಿ ಅನ್ನಿಸಿತು, ಅನ್ನಿಸಿತು ಅಂತ ಹೇಳೋದಕ್ಕೆ ನನಗೆ ನಾಚಿಕೆಯಿಲ್ಲ, ಚಹಾ ಮಾಡಿಕೊಂಡು ಇಬ್ಬರೂ ಕುಡಿದೆವು, ಲೋಟ ತೊಳೆಯಲಿಲ್ಲ ಸದ್ದಾಗುತ್ತೆ ಅಂತ, ಕತ್ತರಿ ಒಳಗಿತ್ತು, ತರೋಣ ಅಂತ ತುದಿಗಾಲಲ್ಲಿ ಹೋದೆ, ಕಣ್ಣು ಮುಚ್ಚಿರಲಿಲ್ಲ ಅವಳು, ಅರ್ಧ ತೆರೆದು ನನ್ನನ್ನೇ ನೋಡುತ್ತಿದ್ದಳು, ತುಟಿಯ ಬಣ್ಣವೇ ಬೇರೆ, ಮತ್ತೆ ಕತ್ತಿನ ಬುಡದಲ್ಲಿ ಆ ಗುಳಿ, ಒಳಗೆ ಹೋಗುತ್ತಿತ್ತು, ಚೂರೂ ಸದ್ದಿಲ್ಲದೆ, ಒಳಗಿನಿಂದ ಯಾರೋ ಚರ್ಮ ಹಿಡಿದು ಜಗ್ಗಿದ ಹಾಗೆ.

ಯಾಕಮ್ಮಾ ಇಷ್ಟು ಹೊತ್ತು ಸುಮ್ಮನಿದ್ರಿ, ಅಂತ ಆಸ್ಪತ್ರೆಯಲ್ಲಿ ಡಾಕ್ಟರು, ಕೈಯಲ್ಲಿ ಮಗುವಿನ ಮೂಗಿಗೆ ಆಕ್ಸಿಜನ್ ಮಾಸ್ಕ್ ಒತ್ತಿಕೊಂಡೇ, ಸದ್ದು ನಿಂತಿತ್ತು ಡಾಕ್ಟ್ರೇ ಅಂದೆ, ಅವರು ನನ್ನ ಮುಖ ನೋಡಿ ಮತ್ತೆ ಮಗುವಿನ ಕಡೆ ತಿರುಗಿದರು. ಮಗು ಉಳಿಯಿತು. ಆಮೇಲೆ ಬಂದವರೆಲ್ಲ ಒಂದೊಂದು ಮಾತು ಬಿಟ್ಟು ಹೋದರು, ಹೆತ್ತ ಕರುಳಿಗೆ ಗೊತ್ತಾಗಲಿಲ್ಲವಾ ಅಂತ ಒಬ್ಬರು, ನನಗೆ ಮೈಯೆಲ್ಲ ಉರಿದುಹೋಯಿತು, ಕರುಳಿಗೆ ಶ್ವಾಸಕೋಶದ ವಿಷಯ ಹೇಗಮ್ಮ ಗೊತ್ತಾಗುತ್ತೆ, ಅದರ ಕೆಲಸ ಅದಕ್ಕೆ ಸಾಕಾಗಿದೆ, ಅಂದುಬಿಟ್ಟೆ, ಅವರು ಚೀಲ ಎತ್ತಿಕೊಂಡು ಹೊರಟೇ ಹೋದರು. ಅತ್ತೆ ಮಾತ್ರ ಊಟ ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು, ನಾನೇ ಕೊಂದುಬಿಡ್ತಿದ್ದೆ ನಾನೇ ಕೊಂದುಬಿಡ್ತಿದ್ದೆ ಅಂತ, ಸುಮ್ಮನಿರಿ ಅತ್ತೆ ಅಂದೆ, ನೀವೂ ಅಲ್ಲ ನಾನೂ ಅಲ್ಲ, ನಮಗೆ ಯಾರೂ ಹೇಳಿರಲಿಲ್ಲ, ಗೊತ್ತಿದ್ದವರು ನಮ್ಮ ಮನೆವರೆಗೆ ಬರಲೇ ಇಲ್ಲ, ತಲೆ ತಗ್ಗಿಸೋರು ಅವರು, ಏಳಿ ಊಟ ಮಾಡಿ. ಇವತ್ತಿಗೂ ನಾನು ತಲೆ ತಗ್ಗಿಸಲ್ಲ. ಇಲ್ಲಿಗೆ ಬರುವಾಗ ನಮ್ಮನೆಯವರು ಮಾನ್ಯ ಅಧ್ಯಕ್ಷರೇ ತಮ್ಮಲ್ಲಿ ವಿನಮ್ರವಾಗಿ ಅಂತ ಏನೇನೋ ಬಾಯಿಪಾಠ ಮಾಡಿಸಿದ್ದಾರೆ, ವಿನಮ್ರ ಎಲ್ಲಿಂದ ತರಲಿ, ಮಗಳ ಉಸಿರನ್ನು ಭಿಕ್ಷೆ ಬೇಡೋಕೆ ಬಂದಿದ್ದೀನಾ.

ಗೋಡೆ ಅಕ್ಕ ಬಂದದ್ದು ಅದಾದ ಮೇಲೆ, ಆ ಹೆಸರು ಪೀಪಿ ಇಟ್ಟದ್ದು, ಬಂದವರು ಕೂರಲೂ ಇಲ್ಲ ನೇರ ಹೋಗಿ ಗೋಡೆ ಮೂಸಿದರು ಅಂತ, ಮನೆ ತಪಾಸಣೆಗೆ ನಗರಸಭೆ ಕಳಿಸಿದವರು ಅಂದಾಗ ನಾನು ಬಾಗಿಲಿಗೇ ಅಡ್ಡ ನಿಂತಿದ್ದೆ, ಮನೆ ಕೊಳಕು ಅಂತ ಬರೆದುಕೊಂಡು ಹೋಗೋಕೆ ಬಂದಿದ್ದಾರೆ ಅಂತ, ಅವರು ಚಪ್ಪಲಿ ಬಿಟ್ಟು, ಮಗು ಎಲ್ಲಿ ಮಲಗುತ್ತೆ ಅಂತ ಕೇಳಿ, ಆ ಹಾಸಿಗೆ ಮೇಲೆ ತಾವೇ ಮಲಗಿಬಿಟ್ಟರು, ಪೀಪಿಯ ದಿಂಬಿಗೆ ತಲೆಯಿಟ್ಟು, ಕಾಲು ಮಡಚಿ ಮಗುವಿನಷ್ಟೇ ಆಗಿ, ಕಣ್ಣು ಮುಚ್ಚಿಕೊಂಡು ಗೋಡೆಗೆ ಮೂಗಿಟ್ಟು ಉಸಿರು ಎಳೆದರು, ಅತ್ತೆ ನನ್ನ ಕಿವಿಯಲ್ಲಿ, ಏನೇ ಇವಳು ನಿದ್ದೆ ಮಾಡೋಕೆ ಬಂದಿದ್ದಾಳಾ. ಮೊದಲು ಮೊಲದ ಗೊಂಬೆ ಮೇಲೆ ಅನುಮಾನ ಬಿತ್ತು ಅವರಿಗೆ, ಅದನ್ನು ಕವರಿನಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಇಡಿಸಿದರು, ಧೂಳಿನ ಹುಳ ಸಾಯುತ್ತೆ ಅಂತ, ಪೀಪಿ ಅತ್ತೂ ಅತ್ತೂ, ಪಾಪ ಮೊಲದ್ದೇನೂ ದೊಡ್ಡ ತಪ್ಪಿರಲಿಲ್ಲ, ನನ್ನದೇ ಆತುರ ಅಂತ ಮುಂದಿನ ಸಲ ಬಂದಾಗ ಅವಳ ಹತ್ತಿರ ಕ್ಷಮೆ ಕೇಳಿದರು, ಮೊಲದ ಹತ್ತಿರವೂ ಕೇಳಿಸಿದಳು. ಆ ಮೊದಲ ದಿನ ಮಲಗಿದಲ್ಲಿಂದಲೇ ಕೈ ಚಾಚಿ ಗೋಡೆಗೆ ಅಂಟಿಸಿದ್ದ ಕರಪತ್ರ ತೋರಿಸಿ, ಇದು ಏನು, ಅಂದರು, ಅದು ಆಸ್ಪತ್ರೆಯವರು ಕೊಟ್ಟದ್ದು, ಉಬ್ಬಸದ ಬಗ್ಗೆ ತಿಳಿಯಿರಿ ಅಂತ, ಬಣ್ಣಬಣ್ಣದ್ದು, ಅವಳಪ್ಪ ಚೆಂದವಾಗಿ ಟೇಪು ಹಾಕಿ ಮಗುವಿನ ತಲೆಯ ಹತ್ತಿರವೇ ಅಂಟಿಸಿದ್ದರು, ಅಕ್ಕ ಒಂದು ಮೂಲೆ ಹಿಡಿದು ಕಿತ್ತರು, ಹಿಂದೆ ಕರ್ರಗೆ ಬೂಷ್ಟು, ಕರಪತ್ರದ ಬೆನ್ನಿನ ತುಂಬ, ಪಕ್ಕದ ಬೀರು ಸರಿಸಿದರೆ ಗೋಡೆಯುದ್ದಕ್ಕೂ, ಮೇಲಿನ ಮನೆಯ ಪೈಪು ಒಳಗೇ ಸೋರುತ್ತಿತ್ತು, ಉಬ್ಬಸದ ಕರಪತ್ರದ ಕೆಳಗೇ ಉಬ್ಬಸ ಬೆಳೆದಿತ್ತು, ನಗಬೇಕೋ ಅಳಬೇಕೋ. ಓನರಿಗೆ ನಾನು ಹೇಳಿದಾಗ ಕಿಟಕಿ ತೆಗೆದಿಡ್ರೀ ಒಣಗುತ್ತೆ ಅಂದಿದ್ದ, ನಗರಸಭೆಯಿಂದ ಅಕ್ಕ ಫೋನ್ ಮಾಡಿದ್ದೇ ತಡ ಪ್ಲಂಬರ್ ಹಾಜರ್. ಹೋಗುವ ಮುಂಚೆ ಅತ್ತೆಯನ್ನೂ ನನ್ನನ್ನೂ ಕೂರಿಸಿಕೊಂಡು, ತಮ್ಮ ಕತ್ತಿನ ಮೇಲೇ ಬೆರಳಿಟ್ಟು, ನೋಡಿ, ಪೀಪಿ ಊದ್ತಿದ್ರೆ ಗಾಳಿ ಕಷ್ಟದಲ್ಲಾದ್ರೂ ಓಡಾಡ್ತಿದೆ ಅಂತ, ಪಂಪು ಕೊಡಿ, ಪೀಪಿ ನಿಂತು ಈ ಗುಳಿ ಒಳಗೆ ಎಳೀತಿದ್ರೆ ಊದೋಕೂ ಗಾಳಿ ಇಲ್ಲ ಅಂತ, ಅವಾಗ ಪಂಪು ಕೊಡ್ತಾನೇ ಆಂಬುಲೆನ್ಸಿಗೆ ಫೋನ್ ಮಾಡಿ, ಕಾಯಬೇಡಿ, ಕಿವಿ ನಂಬಬೇಡಿ, ಕಣ್ಣಲ್ಲಿ ನೋಡಿ. ಇಷ್ಟೇ. ಇಷ್ಟೇ ಮಾತು. ಅತ್ತೆ ಅವರ ಕೈ ಹಿಡಿದುಕೊಂಡು, ಇದನ್ನ ಮೊದಲೇ ಬಂದು ಹೇಳಬಾರದಿತ್ತಾ ತಾಯಿ, ಅಂತ ಬಿಕ್ಕಿದರು.

ಕೆಳಗಿನ ಮನೆ ಇಸ್ತ್ರಿ ಮಾಡುವವಳು ನನ್ನ ಜೊತೆ ಬರಬೇಕಿತ್ತು, ಕೆಲಸ ಬಿಟ್ಟು ಬರೋಕಾಗಲಿಲ್ಲ, ನೀನೇ ನನ್ನ ಪಾಲಿಂದೂ ಸೇರಿಸಿ ಮಾತಾಡು ಅಂದಳು, ಅವಳ ಮಗ ಇನ್ನೂ ತೆವಳುತ್ತಾನೆ, ರಾತ್ರಿಯೆಲ್ಲ ಎದೆಯಲ್ಲಿ ಹಾಡ್ತಾನೆ ನಮ್ಮ ಪುಟ್ಟ ಎಜಮಾನ ಅಂತ ನಗುತ್ತಾಳೆ, ಅದೇ ನಗು, ನಮ್ಮದೇ ನಗು, ನಾನು ಗುಳಿಯ ವಿಷಯ ಹೇಳಿದೆ, ತೋರಿಸಿದೆ, ಆದರೆ ಅವಳ ಗೋಡೆ ಯಾರು ನೋಡಬೇಕು, ಸೋರಿದ ನೀರು ಅವಳ ಗೋಡೆಗೂ ಇಳಿದಿದೆ, ಓನರ್ ನನ್ನ ಮಾತಿಗೆ ಬರುತ್ತಾನಾ, ಬರುವ ವಾರ ಗೋಡೆ ಅಕ್ಕ ಅವಳ ಮನೆಗೆ ಬರಬೇಕು, ಇವತ್ತು ಈ ಸಭೆಯವರು ಕೈ ಎತ್ತಿ ಯೋಜನೆ ನಿಲ್ಲಿಸಿದರೆ ಬರಲ್ಲ, ಅಷ್ಟೇ ವಿಷಯ, ಇವರ ಕೈ ಮೇಲೋ ಕೆಳಗೋ ಅನ್ನೋದರಲ್ಲಿ ಆ ಪುಟ್ಟ ಎಜಮಾನನ ಹಾಡು ಇದೆ. ಅಧ್ಯಕ್ಷರು ಈಗ ಬಾಯಿ ಬಿಟ್ಟರು, ಒಳ್ಳೆ ಉದ್ದೇಶ ಅನ್ನೋದರಲ್ಲಿ ಎರಡು ಮಾತಿಲ್ಲ, ಆದ್ರೆ ಮನೆಮನೆಗೆ ಜನ ಕಳಿಸೋದು ಖರ್ಚಿನ ಬಾಬತ್ತು, ಬದಲಿಗೆ ಒಂದು ಚೆನ್ನಾಗಿರೋ ಕರಪತ್ರ ಮಾಡಿಸಿ ಹಂಚಿದ್ರೆ — ಕರಪತ್ರ! ಅತ್ತೆ ಕಿಸಕ್ಕನೆ ನಕ್ಕೇಬಿಟ್ಟರು, ಸಭೆಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಅಧ್ಯಕ್ಷರು ತಿರುಗಿ ನೋಡಿದರು, ನೋಡಲಿ, ಜೀವನದಲ್ಲಿ ಮೊದಲ ಸಲ ನನ್ನ ಅತ್ತೆಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು ನನಗೆ. ಹಿಂದಿನ ಸಾಲಿನವರೂ ಗುಸುಗುಸು ಶುರು ಮಾಡಿದರು, ನಮ್ಮನೆಗೂ ಕೊಟ್ಟಿದ್ರು, ಡಬ್ಬಕ್ಕೆ ಹಾಸಿದ್ದೀವಿ, ಇನ್ನೊಬ್ಬರು ಏನೋ ಅಂದರು, ಕಾರ್ಯದರ್ಶಿ ಮೇಜು ಬಡಿದ, ದಯವಿಟ್ಟು ಸುಮ್ಮನಿರಿ, ಮುಂದಿನವರು, ಪರದೆ ಅಂಗಡಿಯವರು, ಬನ್ನಿ. ನಾನೇ.

ಎದ್ದೆ, ಮೈಕು ನನಗಿಂತ ಎತ್ತರಕ್ಕಿದೆ, ಬಗ್ಗಿಸಿದೆ, ಕೀರಲು ಸದ್ದು ಬಂತು, ಮಾನ್ಯ ಅಧ್ಯಕ್ಷರೇ ಅನ್ನಬೇಕು ಈಗ, ವಿನಮ್ರವಾಗಿ ಅನ್ನಬೇಕು, ಬಾಯಿಪಾಠವೆಲ್ಲ ನಾಲಿಗೆ ತುದಿಯಲ್ಲೇ ಇದೆ, ಆದರೆ ಇವರಿಗೆ ಮಾತು ಕೇಳಿ ಕೇಳಿ ರೂಢಿಯಾಗಿದೆ, ಬೆಳಗ್ಗೆಯಿಂದ ಎಷ್ಟು ಜನ ಮಾತಾಡಿದರು, ಎಲ್ಲದಕ್ಕೂ ತಲೆಯಾಡಿಸಿದರು, ಬೇಡ, ಮಾತು ಬೇಡ, ಸದ್ದಿಲ್ಲದಿದ್ದರೆ ಸಮಸ್ಯೆಯಿಲ್ಲ ಅಂದರಲ್ಲ, ಹಾಗಾದರೆ ಇಗೋ, ತಗೊಳ್ಳಿ. ನಾನು ಎರಡೂ ಕೈಯಲ್ಲಿ ಮೈಕಿನ ಕಂಬ ಹಿಡಿದು ಸುಮ್ಮನೆ ನಿಂತೆ. ಹೇಳಿಮ್ಮ, ಅಂದ ಕಾರ್ಯದರ್ಶಿ. ನಿಂತೇ ಇದ್ದೇನೆ. ಹೆದರ್ಬೇಡಿ, ಹೇಳಿ ಹೇಳಿ — ಹೆದರಿದ್ದೀನಂತೆ, ಹೆದರಿಕೆ ಎಲ್ಲ ಆ ಮಧ್ಯಾಹ್ನವೇ ಖರ್ಚಾಗಿ ಹೋಯಿತು ಸ್ವಾಮಿ, ಒಂಚೂರೂ ಉಳಿದಿಲ್ಲ. ಹಿಂದಿನ ಗುಸುಗುಸು ನಿಂತಿತು, ಯಾರೋ ಕುರ್ಚಿ ಎಳೆಯುತ್ತಿದ್ದವರು ಅರ್ಧಕ್ಕೆ ಬಿಟ್ಟರು, ಪೀಪಿ ಕಾಲಾಡಿಸೋದು ನಿಲ್ಲಿಸಿದಳು, ಮೇಜಿನ ಹಿಂದಿನ ಮುಖಗಳು ಒಂದೊಂದಾಗಿ ಮೇಲೆದ್ದವು, ಫೋನು ನೋಡುತ್ತಿದ್ದವರೂ, ಏನಾಯಿತು ಅಂತ, ಯಾಕೆ ಮಾತಾಡುತ್ತಿಲ್ಲ ಅಂತ, ನಮ್ಮ ಮಖಮಲ್ಲು ಪರದೆಗಳು ಹೊರಗಿನ ರಸ್ತೆಯ ಸದ್ದನ್ನೂ ಕುಡಿದುಬಿಟ್ಟಿವೆ, ಅಧ್ಯಕ್ಷರು ಬೆರಳು ತೂರಿಸಿ ಟೈ ಗಂಟು ಸಡಿಲಿಸಿಕೊಂಡರು, ಕಂಡಿತು, ಅವರಿಗೂ ಇದೆ ಆ ಗುಳಿ. ಯಾಕಮ್ಮಾ ಸುಮ್ಮನಾಗಿಬಿಟ್ರಿ, ಏನಾಯ್ತು, ಹುಷಾರಾಗಿದ್ದೀರಾ, ಅಂತ ಅವರೇ ಕೇಳಿದರು, ದನಿಯಲ್ಲಿ ಗಾಬರಿಯಿತ್ತು, ಗಾಬರಿಯಾಗಬೇಕು, ಅದಕ್ಕೇ ಕಾದಿದ್ದೆ. ಸದ್ದು ನಿಂತರೆ ಏನೋ ಆಗಿದೆ ಅಂತ ಗೊತ್ತಾಗುತ್ತಲ್ಲ ಸಾರ್, ಅಂದೆ, ನಿಮಗೆ ಇಷ್ಟು ಬೇಗ ಗೊತ್ತಾಯ್ತು, ನನಗೆ ಗೊತ್ತಾಗೋಕೆ ಒಂದು ಲೋಟ ಚಹಾ ಕುಡಿಯೋವಷ್ಟು ಹೊತ್ತು ಬೇಕಾಯ್ತು, ಯಾಕಂದ್ರೆ ನನಗೆ ಯಾರೂ ಬಂದು ಹೇಳಿರಲಿಲ್ಲ, ಕೆಳಗಿನ ಮನೆಗೆ ಬರೋ ವಾರ ನಿಮ್ಮ ತಪಾಸಣೆಯವರು ಬರಬೇಕು, ಅವರನ್ನ ಕಳಿಸಿ, ದೂರು ಬಂದಿಲ್ಲ ಅಂದ್ರಲ್ಲ, ಉಸಿರು ಸಿಗದವರು ದೂರು ಹೇಗೆ ಕೊಡ್ತಾರೆ — ಅಷ್ಟೇ, ಇನ್ನೂ ಏನೋ ಹೇಳಬೇಕಿತ್ತು, ಗೋಡೆ, ಪೈಪು, ಕರಪತ್ರ, ಎಲ್ಲ ಇತ್ತು, ಆದರೆ ಸಭೆ ಇನ್ನೂ ಹಾಗೇ ಇದೆ, ಯಾರೂ ಅಲುಗಾಡುತ್ತಿಲ್ಲ, ಯಾರ ಕೈಯೂ ಇನ್ನೂ ಎದ್ದಿಲ್ಲ, ಆ ಮಧ್ಯಾಹ್ನ ಮೆಷಿನ್ ನಿಲ್ಲಿಸಿದ ಮನೆಯ ಹಾಗೆ, ತೊಳೆಯದೆ ಇಟ್ಟ ಎರಡು ಲೋಟ, ನೆಲದ ತುಂಬ ಬಟ್ಟೆ, ನಾನು ತುದಿಗಾಲಲ್ಲಿ ಒಳಗೆ ಹೋಗುತ್ತೇನೆ, ಕತ್ತರಿಗೆ ಅಂತ, ಅರ್ಧ ತೆರೆದ ಕಣ್ಣು, ಮತ್ತೆ ಕತ್ತಿನ ಬುಡದಲ್ಲಿ ಆ ಗುಳಿ, ಒಳಗೆ, ಇನ್ನೂ ಒಳಗೆ, ಸದ್ದಿಲ್ಲ, ಆ ಗುಳಿ