ಹಿಮ್ಮಡಿಯ ಚುಕ್ಕೆ

ಬುಧವಾರ ನಾನು ಸುಳ್ಳು ಹೇಳಿದೆ. ಹೇಳಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ತಲೆ ಆಡಿಸಿದೆ, ಅಷ್ಟೇ. ಅಮ್ಮ ಕೆಲಸದಿಂದ ಬಂದು ಬಾಗಿಲಲ್ಲೇ ನಿಂತು, "ತಾತನ ಕಾಲು ನೋಡಿದ್ಯೇನೇ? ಎಲ್ಲ ಸರಿ ಇದೆ ತಾನೆ?" ಎಂದು ಕೇಳಿದಳು. ಹೂಂ ಎನ್ನುವ ಹಾಗೆ ತಲೆ ಆಡಿಸಿದೆ. ಆದರೆ ತಾತನ ಎಡ ಹಿಮ್ಮಡಿಯಲ್ಲಿ ಸಾಸಿವೆ ಗಾತ್ರದ ಕೆಂಪು ಚುಕ್ಕೆ ಇತ್ತು. ಕೊಳೆಯಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ತಾತನ ಸಕ್ಕರೆ, ಕಾಲಿನ ಸ್ಥಿತಿ ದಿನಾ ಬರೆದಿಡುವ ಡೈರಿಯಲ್ಲಿ ಮಾತ್ರ ಕೊಳೆ ಎಂದು ಬರೆಯಲು ಕೈ ಬರಲಿಲ್ಲ.

ತಾತ ಅಮ್ಮನ ಅಪ್ಪ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಅಂಗಾಲಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಅಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನಕ್ಕೆ ನೂರಾರು ಜನರನ್ನು ಎದುರಿಸುವವಳು. ಸೋಂಕು ಹಬ್ಬಿದಾಗಿನಿಂದ ಅವಳು ಮುಂದಿನ ಕೋಣೆಯಲ್ಲೇ ಇರುತ್ತಾಳೆ. ತಿಂಗಳಿಗಾಗುವಷ್ಟು ಮಾತ್ರೆ ತಂದು ಕಿಟಕಿಯಲ್ಲಿಡುತ್ತಾಳೆ, ತನ್ನ ಅಪ್ಪನ ಹತ್ತಿರ ಮಾತ್ರ ಸುಳಿಯುವುದಿಲ್ಲ. ಡಾಕ್ಟರು ಕೂಡ ಈಗ ಫೋನಿನಲ್ಲೇ. "ಆದಷ್ಟು ಮನೇಲೇ ಇರಲಿ. ಆದ್ರೆ ಕಾಲಲ್ಲಿ ಗಾಯ ಕಂಡ್ರೆ ಹೆದರ್ಕೊಂಡು ಕೂರಬೇಡಿ, ಅವತ್ತೇ ಫೋನ್ ಮಾಡಿ" ಎಂದಿದ್ದರು.

ಹಾಗಾಗಿ ಬೆಳಿಗ್ಗೆ ಬೆರಳು ಚುಚ್ಚಿ ಸಕ್ಕರೆ ನೋಡುವುದು, ಹೊತ್ತಿಗೆ ಸರಿಯಾಗಿ ಊಟ ಬಡಿಸುವುದು, ಸಂಜೆ ನಾಲ್ಕಕ್ಕೆ ಪಾದ ಪರೀಕ್ಷೆ, ಎಲ್ಲ ನನ್ನ ಪಾಲಿಗೆ ಬಂತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಸಿಕ್ಕ ಮೊದಲ ಹುದ್ದೆ. ನಿಜ ಹೇಳಬೇಕೆಂದರೆ ನನಗದು ಇಷ್ಟ. ಕಿಟಕಿಯ ಬೆಳಕಿಗೆ ಸ್ಟೂಲು ಎಳೆದು, ತೊಡೆಯ ಮೇಲೆ ಟವೆಲು ಹಾಸಿ ತಾತನ ಪಾದ ಇಟ್ಟುಕೊಳ್ಳುತ್ತೇನೆ. ಅವರ ಹಳೆಯ ಭೂತಗನ್ನಡಿಯನ್ನು, ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದನ್ನು, ನಾನೂ ಸಿಕ್ಕಿಸಿಕೊಂಡು ಬೆರಳ ಸಂದಿಗಳನ್ನೆಲ್ಲ ನೋಡುತ್ತೇನೆ.

"ಎಪ್ಪತ್ತಾರು ವರ್ಷದ ಮಾಲು ಕಣಮ್ಮ, ಗ್ಯಾರಂಟಿ ಮುಗಿದಿದೆ. ಹುಷಾರಾಗಿ ಬಿಚ್ಚು" ಎನ್ನುತ್ತಾರೆ ತಾತ.

ನಮ್ಮಿಬ್ಬರ ನಡುವೆ ಒಂದು ಗುಟ್ಟಿತ್ತು. ಮನೆಯೊಳಗೂ ಹಾಕಿಕೊಳ್ಳಲಿ ಎಂದು ಅಮ್ಮ ಮೆತ್ತನೆಯ ಚಪ್ಪಲಿ ತಂದುಕೊಟ್ಟಿದ್ದಳು. ಅವಳು ಅತ್ತ ಕೆಲಸಕ್ಕೆ ಹೊರಟರೆ ಇತ್ತ ಚಪ್ಪಲಿ, ತಾತ ಈಗಲೂ ಮನೆಯಲ್ಲಿ ರಿಪೇರಿಗೆ ಕೂರುವ ಮೇಜಿನ ಕೆಳಗೆ.

"ಅಂಗಡೀಲಿ ಬರಿಗಾಲಲ್ಲೇ ಕೂತು ಅಭ್ಯಾಸ. ಚಪ್ಪಲಿ ಹಾಕಿದ್ರೆ ಕೈ ಓಡಲ್ಲ. ನಿಮ್ಮಮ್ಮಂಗೆ ಹೇಳ್ಬೇಡ. ಇಕ್ಕಳ ಹಾಕಿ ಎಳೆದ್ರೂ ನಿನ್ನ ಬಾಯಿಂದ ಮಾತು ಹೊರಡಲ್ಲ ಅಂತಾನೇ ನಿನ್ನ ಅಸಿಸ್ಟೆಂಟ್ ಮಾಡ್ಕೊಂಡಿರೋದು!"

ನಾನು ಮಾತಾಡುವುದಿಲ್ಲ ಎಂದು ಊರೆಲ್ಲ ದೂರುತ್ತದೆ. ಅದನ್ನೇ ಗುಣ ಎಂದು ಹೊಗಳಿದವರು ಇವರೊಬ್ಬರೇ. ಉಬ್ಬಿ ಹೋಗಿದ್ದೆ.

ಸೋಮವಾರ ತಾತ ಪಕ್ಕದ ಮನೆಯ ಮೇಷ್ಟ್ರ ಕೈಗಡಿಯಾರ ಬಿಚ್ಚಿದ್ದಾಗ ಒಂದು ಸ್ಕ್ರೂ ಚಿಮ್ಮಿ ಹೋಯಿತು. ಇರುವೆಯ ತಲೆಯಷ್ಟಿತ್ತೇನೋ. ಇಬ್ಬರೂ ನೆಲವನ್ನೆಲ್ಲ ಜಾಲಾಡಿದೆವು. ನಾನು ಎರಡು ಸಲ ಗುಡಿಸಿದೆ, ಮೂಲೆಮೂಲೆಗೂ ಅಯಸ್ಕಾಂತ ಆಡಿಸಿದೆ. ಸಿಗಲಿಲ್ಲ. "ಹಾರಿ ಹೋಗೋಕೆ ಅದಕ್ಕೇನು ರೆಕ್ಕೆ ಇದ್ಯಾ?" ಎಂದು ತಾತ ಮಂಗಳವಾರವೂ ಗೊಣಗಿದರು, ಬುಧವಾರವೂ ಗೊಣಗಿದರು.

ಗುರುವಾರ ಬೆಳಿಗ್ಗೆ ಸಕ್ಕರೆ ಎಂದಿಗಿಂತ ಜಾಸ್ತಿ ತೋರಿಸಿತು. ತಾತ ತಪ್ಪನ್ನು ಮೀಟರಿನ ಮೇಲೆ ಹಾಕಿ ಸುಮ್ಮನಾದರು. ಸಂಜೆ ನಾಲ್ಕಕ್ಕೆ ಪಾದ ಎತ್ತಿ ನೋಡಿದರೆ ಚುಕ್ಕೆಯ ಸುತ್ತ ಕೆಂಪು ಬಳೆ ಮೂಡಿತ್ತು. ಮುಟ್ಟಿದೆ, ಬಿಸಿಯಿತ್ತು. ಭೂತಗನ್ನಡಿ ಸಿಕ್ಕಿಸಿದ ಕಣ್ಣನ್ನು ಇನ್ನಷ್ಟು ಹತ್ತಿರ ತಂದೆ. ಚುಕ್ಕೆಯ ನಡುವೆ ಏನೋ ಮಿನುಗಿತು. ಅದರ ತಲೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು.

"ಯಾಕಮ್ಮ ಸುಮ್ನಾಗ್ಬಿಟ್ಟೆ?" ಎಂದರು ತಾತ, ಆಮೇಲೆ ತಾವೇ ನಕ್ಕರು. "ಮಾತಾಡ್ತಾ ಇದ್ದೋಳನ್ನ ಕೇಳೋ ಹಾಗೆ ಕೇಳ್ತೀನಿ ನೋಡು."

ಅವರಿಗೆ ಹೇಳಿಬಿಡಬಹುದಿತ್ತು. ಆದರೆ ಹೋದ ವರ್ಷ ಕಾಲಿನಲ್ಲಿ ಗುಳ್ಳೆಯೆದ್ದಾಗ ಇದೇ ಮೇಜಿನ ಚಿಮಟದಲ್ಲಿ ತಾವೇ ಕಿತ್ತುಕೊಂಡು ಒಂದು ತಿಂಗಳು ಬ್ಯಾಂಡೇಜಿನಲ್ಲಿ ಕೂತಿದ್ದರು. ಚಿಮಟ ಈಗಲೂ ಕೈಗೆಟುಕುವಷ್ಟೇ ದೂರದಲ್ಲಿತ್ತು. ನಾನು ಅವರ ಕಾಲನ್ನು ದಿಂಬಿನ ಮೇಲಿಟ್ಟು, ಚಿಮಟವನ್ನು ಮೆಲ್ಲಗೆ ಜೇಬಿಗಿಳಿಸಿ, ರೇಡಿಯೋ ಹಚ್ಚಿ ಕೊಟ್ಟೆ.

"ಎದ್ದು ಓಡಾಡ್ಬೇಡಿ ತಾತ."

"ಏನಿವತ್ತು ರಾಜೋಪಚಾರ!" ಎಂದು ಹಿಗ್ಗಿದರು.

ಐದು ಗಂಟೆಗೆ ಗೇಟು ಕಿರುಗುಟ್ಟಿತು. ಅಮ್ಮ ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಬ್ಯಾಗನ್ನು ಬಿಸಿಲಿಗಿಟ್ಟಳು. ಬಾಗಿಲಾಚೆಯೇ ನಿಂತು ಮಾಸ್ಕಿನ ಹಿಂದಿನಿಂದ ಕೂಗಿದಳು.

"ಅಪ್ಪಾ, ಹೇಗಿದ್ದೀಯ?"

"ಫಸ್ಟ್ ಕ್ಲಾಸು! ಬೇಕಾದ್ರೆ ನಮ್ಮ ಅಸಿಸ್ಟೆಂಟನ್ನೇ ಕೇಳು!" ಒಳಗಿನಿಂದ ತಾತನ ಉತ್ತರ.

"ಕಾಲು ನೋಡಿದ್ಯೇನೇ? ಎಲ್ಲ ಸರಿ ತಾನೆ?"

ಕೇಳಿದವಳೇ ಅವಳು ಬಚ್ಚಲಿನ ಕಡೆ ತಿರುಗಿದಳು. ನನ್ನ ತಲೆ ಆಡುವುದನ್ನು ನೋಡುವ ಅಗತ್ಯವೂ ಅವಳಿಗಿರಲಿಲ್ಲ, ಅಷ್ಟು ನಂಬಿಕೆ. ಅಪ್ಪನ ಪಾದ ಮುಟ್ಟಿ ನೋಡಲಾಗದ ಅವಳಿಗೆ ನನ್ನ ಕಣ್ಣೇ ಕಣ್ಣು. ಗುಟ್ಟು ಬಯಲಾದರೆ ತಾತ ನನ್ನನ್ನು ಕೆಲಸದಿಂದ ತೆಗೆದು ಹಾಕಬಹುದು. ಹಾಕಲಿ.

"ಅಮ್ಮಾ," ಎಂದೆ. ಸ್ವರ ಎಷ್ಟು ಜೋರಾಗಿ ಬಂತೆಂದರೆ ಒಳಗೆ ರೇಡಿಯೋ ಟಕ್ಕೆಂದು ನಿಂತಿತು. "ತಾತ ಮೂರು ದಿನದಿಂದ ಹುಡುಕ್ತಿರೋ ಸ್ಕ್ರೂ ಅವರ ಹಿಮ್ಮಡೀಲಿದೆ. ನಿನ್ನೇನೇ ಚುಕ್ಕೆ ಕಾಣಿಸಿತ್ತು ನಂಗೆ, ಆದ್ರೂ ಹೇಳ್ಲಿಲ್ಲ."