ನೀರಮ್ಮ ಕೆಳಗಿಟ್ಟ ಬಕೆಟ್

ಆಕೆಯ ಕೊಟ್ಟಿಗೆ ಕನ್ನಡಿಯ ಹಾಗಿತ್ತು. ಸಗಣಿ ಬೀಳುವುದೇ ತಡ, ಬಕೆಟ್ ಹಾಜರು. ಅದಕ್ಕೇ ಬೀದಿಯವರು ಆಕೆಗೆ ನೀರಮ್ಮ ಎಂದು ಹೆಸರಿಟ್ಟಿದ್ದರು. ನೀರಮ್ಮನಿಗೂ ಒಳಗೊಳಗೇ ಹೆಮ್ಮೆ.

ಆದರೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕೆಂಪು ಹಸು ಮಾತ್ರ ಗಬ್ಬ ನಿಲ್ಲುತ್ತಿರಲಿಲ್ಲ. ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿ ಕೈಸುಟ್ಟುಕೊಂಡದ್ದೇ ಬಂತು.

“ಇನ್ನೊಂದೇ ಸಲ ನೋಡೋಣ. ನಿಲ್ಲದೇ ಇದ್ರೆ ಮಾರಿಬಿಡ್ತೀನಿ,” ಎಂದ ಮಗ. ಅಂದು ರಾತ್ರಿ ನೀರಮ್ಮ ಎರಡು ಸಲ ಎದ್ದು ಹೋಗಿ ಹಸುವಿನ ಮೈ ಸವರಿ ಬಂದಳು.

ಮಾರನೇ ದಿನ ಡೈರಿಯಲ್ಲಿ ಪಶು ಆರೋಗ್ಯ ಕಾರ್ಯಕರ್ತೆ ಸಿಕ್ಕಳು.

“ಅಮ್ಮಾ, ಒಳ್ಳೆ ಹೋರಿಯ ವೀರ್ಯ ತುಂಬಿದ ಕಡ್ಡಿ ಒಬ್ಬೊಬ್ಬರೇ ತರಿಸಿದ್ರೆ ದುಬಾರಿ. ಹತ್ತು ಮನೆಯವರು ಸೇರಿದ್ರೆ ಹಾಲಿನ ಸಂಘವೇ ಒಟ್ಟಿಗೆ ತರಿಸುತ್ತೆ. ಡಾಕ್ಟರು ಬಂದು ಹೋಗೋ ಖರ್ಚನ್ನೂ ಹಂಚಿಕೊಳ್ಳಬಹುದು.”

“ಮೂರು ಸಲ ಆಯ್ತಲ್ಲ, ಏನು ಸಿಕ್ತು? ದುಡ್ಡೇನು ಗಿಡದಲ್ಲಿ ಬಿಡುತ್ತಾ?”

“ಡಾಕ್ಟರು ಏನಂದ್ರು?”

“ಹಸು ಚೆನ್ನಾಗಿದೆ, ಏನೂ ದೋಷ ಇಲ್ಲ ಅಂದ್ರು.”

“ಹಾಗಾದ್ರೆ ಬೆದೆಗೆ ಬಂದಿದ್ದು ನಿಮಗೆ ಹೇಗೆ ಗೊತ್ತಾಗುತ್ತೆ?”

“ಸಂಜೆ ಮಗ ಬರೋ ಹೊತ್ತಿಗೆ ಕೂಗ್ತಾ ಇರುತ್ತೆ. ಅವನು ಫೋನ್ ಮಾಡ್ತಾನೆ. ಮಾರನೇ ಮಧ್ಯಾಹ್ನ ಬಂದು ಮಾಡಿ ಹೋಗ್ತಾರೆ.”

“ಹಸು ಕೂಗಿದ ದಿನ ಬೆಳಿಗ್ಗೆ ಹಿಂದುಗಡೆ ಲೋಳೆ ಇಳಿದಿರುತ್ತಾ?”

“ಇಳಿದಿರುತ್ತೆ, ಬಾಲಕ್ಕೆಲ್ಲ ಅಂಟಿರುತ್ತೆ. ನಾನು ತಕ್ಷಣ ತೊಳೆದುಬಿಡ್ತೀನಿ. ಯಾರಾದ್ರೂ ನೋಡಿದ್ರೆ ಏನಂದುಕೊಳ್ತಾರೆ?”

ಕಾರ್ಯಕರ್ತೆ ನಗಲಿಲ್ಲ. “ಅದು ಗಲೀಜಲ್ಲಮ್ಮಾ. ಗಾಜಿನ ಹಾಗೆ ತಿಳಿಯಾದ ಲೋಳೆ ಅಂದ್ರೆ ಹಸು ಬೆದೆಗೆ ಬಂದಿದೆ ಅಂತ. ಬೆಳಿಗ್ಗೆ ಕಂಡ್ರೆ ಅವತ್ತೇ ಸಂಜೆ ಮಾಡಿಸಬೇಕು. ಸಂಜೆ ಕಂಡ್ರೆ ಮಾರನೇ ಬೆಳಿಗ್ಗೆ. ನೀವು ಪ್ರತಿ ಸಲ ತಡ ಮಾಡಿದ್ದೀರಿ. ಎಷ್ಟು ಅಗ್ಗದ ಕಡ್ಡಿ ತಂದ್ರೂ ಹೊತ್ತು ಮೀರಿದ್ರೆ ಅದು ದುಬಾರಿನೇ.”

ನೀರಮ್ಮ ಹಾಲಿನ ಕ್ಯಾನ್ ಕೆಳಗಿಟ್ಟು ಲೆಕ್ಕ ಹಾಕಿದಳು. ಮೂರು ಸಲವೂ ಹಸು ಮೊದಲು ತನಗೇ ಹೇಳಿತ್ತು. ಮೂರು ಸಲವೂ ತಾನೇ ನೀರು ಸುರಿದು ಅದನ್ನು ಅಳಿಸಿದ್ದಳು.

ಅಂದೇ ಸಂಘದಲ್ಲಿ ಹೆಸರು ಕೊಟ್ಟಳು. ಅಷ್ಟಕ್ಕೇ ಸುಮ್ಮನಾಗದೆ, ಬೀದಿಯ ಒಂಬತ್ತು ಮನೆಗಳ ಬಾಗಿಲು ತಟ್ಟಿ, ತನ್ನ ಪೆದ್ದುತನವನ್ನು ತಾನೇ ಹೇಳಿಕೊಂಡು ಅವರನ್ನೂ ಒಪ್ಪಿಸಿದಳು.

ಎರಡು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಹಸುವಿನ ಬಾಲದಡಿ ತಿಳಿಯಾದ ಎಳೆಯೊಂದು ಇಳಿದಿತ್ತು. ಅಭ್ಯಾಸಬಲ, ನೀರಮ್ಮನ ಕೈ ಬಕೆಟ್ಟಿಗೆ ಹೋಯಿತು. ಎತ್ತಿದ ಬಕೆಟ್ಟನ್ನು ಹಾಗೇ ಕೆಳಗಿಟ್ಟು, “ಏಳೋ, ಫೋನ್ ಮಾಡೋ,” ಎಂದು ಮಗನನ್ನು ಎಬ್ಬಿಸಿದಳು. ಅಂದೇ ಸಂಜೆ ಡಾಕ್ಟರು ಸಂಘದ ಕಡ್ಡಿ ತಂದು ಗರ್ಭಧಾರಣೆ ಮಾಡಿ ಹೋದರು.

ಮೂರು ತಿಂಗಳಿಗೆ ಡಾಕ್ಟರು ಪರೀಕ್ಷಿಸಿ, “ಗಬ್ಬ ನಿಂತಿದೆ,” ಎಂದರು.

“ಹಸು ಕೊಳ್ಳೋಕೆ ದಲ್ಲಾಳಿ ಫೋನ್ ಮಾಡಿದ್ದ ಕಣಮ್ಮಾ,” ಎಂದ ಮಗ. “ನಮ್ಮ ಹಸು ಮಾರೋದಿಲ್ಲ ಅಂದೆ.”

ನೀರಮ್ಮ ಬಕೆಟ್ ಎತ್ತಿಕೊಂಡಳು. ತೊಳೆದ ನೆಲವನ್ನೇ ಮತ್ತೊಮ್ಮೆ ತೊಳೆಯುತ್ತ ಕಣ್ಣೊರೆಸಿಕೊಂಡಳು.

ಹಸು ಸಾಕಿದ ಅಕ್ಕಂದಿರೇ, ಅಣ್ಣಂದಿರೇ, ಒಬ್ಬರೇ ಭರಿಸಲಾಗದ ಖರ್ಚನ್ನು ಬೀದಿಯೇ ಸೇರಿ ಹಂಚಿಕೊಳ್ಳಬಹುದು. ನಿಮ್ಮ ಹಾಲಿನ ಸಂಘದಲ್ಲಿ, ಪಶು ಆಸ್ಪತ್ರೆಯಲ್ಲಿ ಇವತ್ತೇ ವಿಚಾರಿಸಿ. ನಾಳೆ ಬೆಳಿಗ್ಗೆ ಕೊಟ್ಟಿಗೆಗೆ ನೀರು ಹಾಕುವ ಮುಂಚೆ ನಿಮ್ಮ ಹಸು ಏನು ಹೇಳುತ್ತಿದೆ ಎಂದು ಒಮ್ಮೆ ನೋಡಿ.